ವಾಗ್ದಾನದ ಡಬ್ಬಿ ಸಡಿಲಾದ ಮಳೆಗಾಲ

ಮೊನ್ನೆ ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಲೈನಿಂಗ್ ಬಟ್ಟೆ ಹುಡುಕುತ್ತ ಒಂದು ಸಂದಿಯೊಳಗೆ ಹೊಕ್ಕೆ. ಅಲ್ಲಿ ಹಳೆಯ ಮನೆಯೊಂದರ ಗೋಡೆ ಕೆರೆಯುತ್ತಿದ್ದರು. ಹಿಂದಿನ ದಿನ ಜೋರು ಮಳೆಯಾಗಿತ್ತು. ನೆನೆದ ಸುಣ್ಣ, ಉದುರಿದ ಗಿಲಾವು, ಬೂಷ್ಟು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಟ್ಟೆ ಮರೆತು ನಿಂತುಬಿಟ್ಟೆ. ಹಿಂದಿನಿಂದ ಆಟೋದವನು ಹಾರ್ನ್ ಹೊಡೆದು ಬೈದ ಮೇಲೆಯೇ ಎಚ್ಚರವಾದದ್ದು. ಹತ್ತು ವರ್ಷದ ಹಿಂದೆ ಅಲ್ಲಿಂದ ಎರಡೇ ಗಲ್ಲಿ ಆಚೆ, ಇದೇ ವಾಸನೆಯ ಮನೆಯಲ್ಲಿ ನಾನು ಒಂದು ಇಡೀ ಮಳೆಗಾಲವನ್ನು ನನ್ನ ಅತ್ತೆಯ ಮೇಲೆ ಸಂಶಯಪಡುತ್ತ ಕಳೆದಿದ್ದೆ.

ಸಂಶಯ ನನಗೆ ಹುಟ್ಟುಗುಣ. ಗದಗಿನ ನನ್ನ ತವರಿನಲ್ಲಿ ನನ್ನನ್ನು ಸಿಐಡಿ ಎಂದೇ ಕರೆಯುತ್ತಿದ್ದರು. ಓದಿದ್ದೂ ಅದಕ್ಕೆ ತಕ್ಕ ಹಾಗೆ, ಲ್ಯಾಬ್ ಟೆಕ್ನಿಷಿಯನ್ ಕೋರ್ಸು. ರಕ್ತದ ಟ್ಯೂಬಿನ ಮೇಲೆ ಬರೆದ ಹೆಸರನ್ನು ಒಮ್ಮೆ ಓದಿ ನಂಬಬೇಡ, ಎರಡು ಸಲ ಓದು, ಮೂರನೆಯ ಸಲ ರೋಗಿಯನ್ನೇ ಕೇಳು ಎಂದು ಕಲಿಸುವ ಕೆಲಸ ಅದು. ಹೀಗೆ ತಯಾರಾದವಳನ್ನು ತಂದು, ಎಲ್ಲವನ್ನೂ ಒಂದೇ ಪುಸ್ತಕ ನಂಬಿ ನಡೆಸುವ ಮನೆಗೆ ಕೊಟ್ಟರು.

ಅತ್ತೆ ಶಾಂತಾಬಾಯಿ ಬೆಟಗೇರಿಯವರು. ಮಾವ ರೈಲ್ವೆ ನೌಕರಿಗೆಂದು ಹೈದರಾಬಾದಿಗೆ ಬಂದು, ಇಲ್ಲೇ ಸಂಸಾರ ಹೂಡಿ, ಇಲ್ಲೇ ತೀರಿಕೊಂಡಿದ್ದರು. ನನ್ನ ಗಂಡ ಜಯಕುಮಾರ ಕೋಠಿಯಲ್ಲಿ ಔಷಧಿಗಳ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ನಾವು ಬಾಡಿಗೆಗಿದ್ದದ್ದು ಮನೆ ಯಜಮಾನಿ ಕುಲಕರ್ಣಿ ಕಾಕು ಅವರ ಮನೆಯ ಮೇಲಿನ ಭಾಗದಲ್ಲಿ. ಕೆಳಗೆ ಅವರ ಪಂಚಾಂಗ, ಮೇಲೆ ನಮ್ಮ ಸತ್ಯವೇದ. ಕಾಕು ಅದನ್ನು ಬೈಬಲ್ ಎನ್ನುತ್ತಿದ್ದರು, ನಾವು ಸತ್ಯವೇದ ಎನ್ನುತ್ತಿದ್ದೆವು. ಹೊರಗೆ ಕಾಲಿಟ್ಟರೆ ಎಲ್ಲರಿಗೂ ತೆಲುಗು, ಇಲ್ಲವೆ ಹಿಂದಿ. ಒಳಗೆ ಬಂದರೆ ಗದಗ ಜಿಲ್ಲೆ.

ನನ್ನ ತವರೂ ಕ್ರೈಸ್ತರದ್ದೇ. ಆದರೆ ನಮ್ಮ ಮನೆಯಲ್ಲಿ ಸತ್ಯವೇದಕ್ಕೆ ಭಾನುವಾರ ಕೆಲಸ, ಉಳಿದ ದಿನ ರಜೆ. ಅತ್ತೆಯ ಮನೆಯಲ್ಲಿ ಅದಕ್ಕೆ ಒಂದು ದಿನವೂ ರಜೆ ಇರಲಿಲ್ಲ. ಫ್ರಿಜ್ ಕೊಳ್ಳಬೇಕೆ? ಪುಸ್ತಕ ಕೇಳು. ಹಲ್ಲು ಕೀಳಿಸಬೇಕೆ? ಕೇಳು. ನಾನು ಹಗಲು ಮಲಗಿದರೆ ಇರುವೆಯನ್ನು ನೋಡಿ ಕಲಿ ಎಂಬ ಮಾತು ಅಡುಗೆಮನೆಯಿಂದ ತೇಲಿ ಬರುತ್ತಿತ್ತು. ಬೇಳೆ ಸಾರು ಹೆಚ್ಚು ಬಡಿಸಿಕೊಂಡರೆ, ಒಂದು ಬಟ್ಟಲು ಸಾರಿಗೆ ಹಿರಿತನ ಮಾರಿಕೊಂಡವನ ಕಥೆ. "ಅದರಾಗ ಇಲ್ಲದ್ದು ಏನೈತಿ ಹೇಳು ನೋಡೂಣು," ಎನ್ನುತ್ತಿದ್ದರು ಅತ್ತೆ. ನಾನು ಒಮ್ಮೆ, "ಗ್ಯಾಸ್ ಬುಕ್ ಮಾಡೂ ನಂಬರ್ ಇಲ್ಲರಿ," ಎಂದೆ. ಅವರು ಎರಡು ದಿನ ಮಾತು ಬಿಟ್ಟರು.

ಎಲ್ಲಕ್ಕಿಂತ ದೊಡ್ಡ ಅಧಿಕಾರ ಇದ್ದದ್ದು ಒಂದು ಡಬ್ಬಿಗೆ. ವಾಗ್ದಾನದ ಡಬ್ಬಿ. ಬ್ರೆಡ್ಡಿನ ಆಕಾರದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಬೆರಳುದ್ದದ ಚೀಟಿಗಳು ಒತ್ತಾಗಿ ನಿಂತಿರುತ್ತವೆ. ಗುಲಾಬಿ, ಹಳದಿ, ತಿಳಿಹಸಿರು ಬಣ್ಣದವು. ಒಂದೊಂದರ ಮೇಲೂ ದೇವರು ಕೊಟ್ಟ ಒಂದು ಮಾತು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದು ಚೀಟಿ ಎತ್ತಬೇಕು, ಗಟ್ಟಿಯಾಗಿ ಓದಬೇಕು, ತಿರುಗಿ ಇಡಬೇಕು. ಅದು ಅವರಿಗೆ ಆ ದಿನದ ವಚನ. ಹೈದರಾಬಾದಿನಲ್ಲಿ ತೆಲುಗಿನವು ಬೇಕಾದಷ್ಟು ಸಿಗುತ್ತವೆ, ಕನ್ನಡದವು ಸಿಗುವುದಿಲ್ಲ. ಅತ್ತೆ ಗದಗಿನಿಂದ ತರಿಸಿದ್ದರು. ನಮ್ಮ ತವರಲ್ಲೂ ಅದೇ ಡಬ್ಬಿ ಇತ್ತು. ಚಿಕ್ಕಂದಿನಲ್ಲಿ ನಾನು ಆ ಚೀಟಿಗಳನ್ನು ಎಲೆಯಾಟದ ಹಾಗೆ ಜಾತಿವಾರು ಜೋಡಿಸಿ ಏಟು ತಿಂದವಳು. ಹೆದರಬೇಡ ಎನ್ನುವವು ಒಂದು ಕಡೆ, ಹೋಗು ಎನ್ನುವವು ಒಂದು ಕಡೆ, ಕಾದಿರು ಎನ್ನುವವು ಒಂದು ಕಡೆ, ಮಕ್ಕಳನ್ನು ಕೊಡುತ್ತೇನೆ ಎನ್ನುವವು ಇನ್ನೊಂದು ಕಡೆ. ಯಾವುದು ಎಷ್ಟಿವೆ ಎಂಬುದು ಸುಮಾರಾಗಿ ನನಗೆ ಬಾಯಿಪಾಠವಾಗಿತ್ತು.

ಮದುವೆಯಾಗಿ ನಾಲ್ಕು ವರ್ಷಕ್ಕೆ ಎರಡು ಬಸಿರು ಹೋದವು. ಎರಡನೆಯದು ಹೋದದ್ದು ಆ ವರ್ಷದ ಫೆಬ್ರುವರಿಯಲ್ಲಿ, ಐದು ತಿಂಗಳು ತುಂಬಿದ ಮೇಲೆ. ಅದಕ್ಕೆಂದೇ ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೆ. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಪ್ರಾರ್ಥನೆಗೆ ಎದ್ದು ಕುಳಿತೆ. ಜಯಕುಮಾರ ಡಬ್ಬಿ ಮುಂದೆ ಹಿಡಿದರು. ಎತ್ತಿದೆ. ನಿನ್ನ ಊಟದ ಮೇಜಿನ ಸುತ್ತ ಮಕ್ಕಳು ಎಳೆಯ ಸಸಿಗಳ ಹಾಗೆ ಕೂತಿರುತ್ತಾರೆ ಎಂಬ ಅರ್ಥದ ಚೀಟಿ. ನಾನು ಗಟ್ಟಿಯಾಗಿ ಓದಿದೆ. ದನಿ ನಡುಗಲಿಲ್ಲ. ತಿರುಗಿ ಇಟ್ಟು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತೆ. ನೀರು ತುಂಬಿ ಹರಿದು ಕಾಲು ತೊಯ್ದರೂ ನಿಲ್ಲಿಸಲಿಲ್ಲ. ಅತ್ತೆ ಬಂದು ನಲ್ಲಿ ಬಂದ್ ಮಾಡಿ, ಹೊರಟುಹೋದರು.

ಅದಾದ ಮೇಲೆ ಅಂಥ ಚೀಟಿ ನನಗೆ ಬರಲೇ ಇಲ್ಲ. ಮೊದಲು ಹಾಯೆನಿಸಿತು. ಪ್ರತಿ ಬೆಳಿಗ್ಗೆ ಕೈ ಹಾಕುವಾಗ ಬರಬಾರದಪ್ಪ ಎಂದುಕೊಳ್ಳುತ್ತಿದ್ದೆ, ಬರುತ್ತಿರಲಿಲ್ಲ. ಆದರೆ ತಿಂಗಳು ಎರಡಾಯಿತು, ಮೂರಾಯಿತು. ಆಗ ಇನ್ನೊಂದು ಹುಳ ಹೊಕ್ಕಿತು. ಅಷ್ಟೊಂದು ಚೀಟಿ ಇರುವಾಗ ಒಂದೂ ಯಾಕೆ ಬರುವುದಿಲ್ಲ? ದೇವರು ಆಡಿದ ಮಾತು ಹಿಂದೆ ತೆಗೆದುಕೊಂಡನೇ? ಬೇಡ ಎಂದು ಬೇಡಿಕೊಳ್ಳುತ್ತಿದ್ದವಳು ನಾನೇ, ಬರಲಿಲ್ಲವೆಂದು ಅಳುತ್ತಿದ್ದವಳೂ ನಾನೇ. ಡಬ್ಬಿಯನ್ನು ನಂಬುವುದಿಲ್ಲ ಎಂದು ಬೀಗುತ್ತಿದ್ದವಳು ಯಾವಾಗ ನಂಬತೊಡಗಿದೆನೋ ಗೊತ್ತಾಗಲಿಲ್ಲ.

ಜೂನ್ ಕೊನೆಗೆ ಮಳೆ ಹಿಡಿಯಿತು. ಅದೇ ವಾರ ನನ್ನ ಜೊತೆ ಕಲಿತವಳೊಬ್ಬಳು ಫೋನ್ ಮಾಡಿದಳು. ಶಂಶಾಬಾದಿನಲ್ಲಿ, ಏರ್‌ಪೋರ್ಟಿನ ರಸ್ತೆಯ ಮೇಲೆ ಹೊಸದೊಂದು ಲ್ಯಾಬ್ ತೆರೆಯುತ್ತಿದ್ದಾರೆ, ಒಬ್ಬರು ಬೇಕಾಗಿದ್ದಾರೆ, ಜುಲೈ ಮುಗಿಯುವುದರೊಳಗೆ ಹೂಂ ಅನ್ನು ಎಂದಳು. ಕೋಠಿಯಿಂದ ಬಸ್ಸಿನಲ್ಲಿ ದೂರದ ಹಾದಿ. ಆದರೆ ಫೋನ್ ಇಟ್ಟಾಗ ನನಗೆ ಮೈಯಲ್ಲಿ ರಕ್ತ ಹರಿದಂತಾಯಿತು. ಆ ಮನೆಯಲ್ಲಿ ಕೂತು ಕೂತು ನಾನು ಹುಚ್ಚಿಯಾಗುತ್ತಿದ್ದೆ. ನನಗೆ ಬೇಕಾಗಿದ್ದದ್ದು ಇಷ್ಟೇ. ಬೆಳಿಗ್ಗೆ ಎದ್ದು ಎಲ್ಲಿಗಾದರೂ ಹೋಗಬೇಕು, ಯಾರದಾದರೂ ಹೆಸರು ಓದಿ ಸೂಜಿ ಚುಚ್ಚಬೇಕು, ನನ್ನ ಹೊಟ್ಟೆಯೊಂದನ್ನು ಬಿಟ್ಟು ಬೇರೆ ಏನನ್ನಾದರೂ ಯೋಚಿಸಬೇಕು.

ಜಯಕುಮಾರನಿಗೆ ಹೇಳಿದರೆ, "ಅವ್ವನ್ನ ಕೇಳು," ಎಂದರು. ಅತ್ತೆಯನ್ನು ಕೇಳಿದರೆ ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ವಚನ ಕೇಳೂಣು. ಮೂರು ಮುಂಜಾನೆ ನೋಡೂಣು," ಎಂದರು.

ಮೊದಲನೆಯ ದಿನ ಬಂದದ್ದು, ಸುಮ್ಮನಿದ್ದು ದೇವರಿಗಾಗಿ ಕಾದಿರು ಎಂಬ ಮಾತು. ಎರಡನೆಯ ದಿನ, ಇದ್ದ ನೆಲದಲ್ಲೇ ನೆಲೆಸು ಎಂಬುದು. ಮೂರನೆಯ ದಿನ ಮತ್ತೆ ಕಾದಿರು. ಜಯಕುಮಾರ ಪಾಪ ಎನ್ನುವಂತೆ ನನ್ನನ್ನು ನೋಡಿದರು. ಅತ್ತೆ ಡಬ್ಬಿಯ ಮುಚ್ಚಳ ಹಾಕಿ, "ಇನ್ನೂ ತಿಂಗಳು ಐತಿ, ಅವಸರ ಬ್ಯಾಡ," ಎಂದು ಎದ್ದುಹೋದರು. ನನ್ನ ತಲೆ ಆಗಲೇ ಓಡತೊಡಗಿತ್ತು. ಲ್ಯಾಬಿನಲ್ಲಿ ಮೂರು ಟ್ಯೂಬಿನಲ್ಲೂ ಒಂದೇ ಫಲಿತಾಂಶ ಬಂದರೆ ನಾವು ಮೊದಲು ನೋಡುವುದು ಮಷಿನ್ನನ್ನು.

ನೋಡಿದೆ. ಒತ್ತಾಗಿ ನಿಂತಿರುತ್ತಿದ್ದ ಚೀಟಿಗಳು ಈಗ ಒಂದರ ಮೇಲೊಂದು ವಾಲಿಕೊಂಡಿದ್ದವು. ಡಬ್ಬಿ ಅಲ್ಲಾಡಿಸಿದರೆ ಗಲಗಲ ಸದ್ದು. ಚೀಟಿ ಕಡಿಮೆಯಾಗಿದ್ದವು.

ಈ ನಡುವೆ ಗೋಡೆಯ ಪ್ರಕರಣ ಆಯಿತು. ನಡುಮನೆಯ ಗೋಡೆ ಮಳೆಗೆ ತಂಪು ಹಿಡಿದು ಹಸಿರು, ಕೆಂಪು ಚಿಕ್ಕೆ ಎದ್ದವು. ಬೇರೆ ಯಾರಾದರೂ ಗೌಂಡಿಯನ್ನು ಕರೆಯುತ್ತಿದ್ದರು. ಅತ್ತೆ ಪುಸ್ತಕ ತೆಗೆದರು. ನಿಜಕ್ಕೂ ಅದರಲ್ಲಿ ಇದೆ, ಸುಳ್ಳಲ್ಲ. ಮನೆಯ ಗೋಡೆಗೆ ಬೂಷ್ಟಿನ ಚಿಕ್ಕೆ ಬಂದರೆ ಮನೆ ತೆರವು ಮಾಡಿ, ಏಳು ದಿನ ಬಿಟ್ಟು ನೋಡಿ, ಹರಡಿದ್ದರೆ ಗಿಲಾವು ಕೆರೆದು ಊರ ಹೊರಗೆ ಚೆಲ್ಲಬೇಕು ಎಂದು ವಿವರವಾಗಿ ಹೇಳಿದೆ. ಅತ್ತೆ ಸಾಮಾನೆಲ್ಲ ಹೊರಗಿಡಿಸಿ ಏಳು ದಿನ ನಡುಮನೆಗೆ ಬೀಗ ಹಾಕಿದರು. ಆಮೇಲೆ ಯಾದಗಿರಿ ಎಂಬ ಗೌಂಡಿ ಬಂದು, "ಪೈಪ್ ಲೀಕ್ ಹೈ ಅಮ್ಮಾ, ಗೋಡ ತಪ್ಪು ಕಾದು," ಎಂದು, ತಪ್ಪು ಗೋಡೆಯದಲ್ಲ, ಸೋರುವ ಪೈಪಿನದು ಎಂಬುದನ್ನು ಎರಡು ಭಾಷೆಯಲ್ಲಿ ಹೇಳಿದ. ಕೇಳುವವರಾರು? ಗಿಲಾವು ಕೆರೆಸಿದರು, ಹೊಸದು ಮೆತ್ತಿಸಿದರು. ಹತ್ತು ದಿನಕ್ಕೆ ಚಿಕ್ಕೆ ತಿರುಗಿ ಬಂದವು.

ಪುಸ್ತಕದ ಪ್ರಕಾರ ಚಿಕ್ಕೆ ತಿರುಗಿ ಬಂದರೆ ಮುಂದಿನದು ಮನೆ ಕೆಡವುವುದು. ನಾನು ಬೇಕೆಂದೇ ಅದನ್ನು ಕುಲಕರ್ಣಿ ಕಾಕುಗೆ ಹೇಳಿದೆ. ಕಾಕು ಉಟ್ಟ ಸೀರೆಯಲ್ಲೇ ಮೆಟ್ಟಿಲು ಹತ್ತಿ ಬಂದರು.

"ಏನ್ರೀ ಶಾಂತಾಬಾಯಿ, ನನ್ನ ಮನೀ ಕೆಡವತೀರಂತ?"

"ಛೇ, ಇಲ್ಲರಿ ಕಾಕು. ಅದು ಆ ದೇಶದ ಕಲ್ಲಿನ ಮನಿಗೆ ಹೇಳಿದ ಮಾತು. ಇದು ಇಟ್ಟಂಗಿ ಮನಿ. ಪೈಪ್ ರಿಪೇರಿ ಮಾಡಿಸ್ರಿ, ಸಾಕು," ಎಂದರು ಅತ್ತೆ, ರೆಪ್ಪೆ ಬಡಿಯದೆ.

ಆ ದಿನ ನನಗೆ ಒಂದು ತಿಳಿಯಿತು. ಈ ಹೆಂಗಸು ಬೇಕಾದ ಮಾತು ತಗೊಂಡು ಬೇಡವಾದದ್ದನ್ನು ಬದಿಗೆ ಸರಿಸಬಲ್ಲರು. ಹಾಗಾದರೆ ಡಬ್ಬಿಯಲ್ಲಿ ಸರಿಸಿಲ್ಲ ಎಂಬುದಕ್ಕೆ ಏನು ಗ್ಯಾರಂಟಿ?

ಸಾಕ್ಷಿಯೂ ಸಿಕ್ಕಿತು. ಪೈಪ್ ರಿಪೇರಿಯ ದಿನ ಕಾಕು ನನ್ನನ್ನು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದರು.

"ಸುನೀತಾ, ಒಂದು ಮಾತು ಹೇಳ್ತೀನಿ, ನಿಮ್ಮ ಅತ್ತೀ ಮುಂದ ನನ್ನ ಹೆಸರು ತೆಗೀಬ್ಯಾಡ. ನೀವು ಮುಂಜಾನೆ ಚೀಟಿ ತೆಗಿಯೂ ಡಬ್ಬಿ ಅದ ಅಲ್ಲ? ನೀ ದವಾಖಾನಿಂದ ಬಂದ ವಾರದಾಗ, ನಾ ಹಪ್ಪಳ ಒಣಹಾಕ್ಲಿಕ್ಕೆ ಮ್ಯಾಲೆ ಬಂದಿದ್ದೆ. ನಿಮ್ಮತ್ತೀ ಪಡಸಾಲ್ಯಾಗ ಕೂತು ಒಂದೊಂದ ಚೀಟಿ ಓದಿ ಓದಿ ಆರಿಸಿ ತಗೀಲಿಕ್ಕತ್ತಿದ್ರು. ನನ್ನ ನೋಡಿ ಸೆರಗಿನಾಗ ಮುಚ್ಚಿಕೊಂಡ್ರು. ನನಗ್ಯಾಕ ಬೇಕು, ನಾ ಕೇಳ್ಲಿಲ್ಲ."

ನನಗ್ಯಾಕ ಬೇಕು ಎನ್ನುವವರಿಗೇ ಎಲ್ಲ ಬೇಕಾಗಿರುತ್ತದೆ. ಅವರಿಗೆ ನಾನು ಮನಸಾರೆ ವಂದಿಸಿದೆ. ನನ್ನ ಲೆಕ್ಕ ಅಲ್ಲಿಗೆ ಕೂಡಿತು. ಅತ್ತೆ ಆಗಲೇ ಮುಂದಾಲೋಚಿಸಿ ಹೋಗು ಎನ್ನುವ ಚೀಟಿಗಳನ್ನೆಲ್ಲ ತೆಗೆದುಬಿಟ್ಟಿದ್ದಾರೆ. ನಾನು ಹೊಸ್ತಿಲು ದಾಟಬಾರದು, ಮೂರನೆಯ ಬಸಿರಿಗೆ ಮೈ ಒಪ್ಪಿಸಿ ಮನೆಯಲ್ಲಿ ಬಿದ್ದಿರಬೇಕು, ಅದನ್ನು ತಾವು ಹೇಳಿದರೆ ಕೆಟ್ಟ ಅತ್ತೆ ಆಗುತ್ತಾರೆ, ಆದ್ದರಿಂದ ದೇವರ ಬಾಯಲ್ಲಿ ಹೇಳಿಸುತ್ತಿದ್ದಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆಗ ನನಗೆ ಅವರು ಕೊಡುತ್ತಿದ್ದ ಹಾಲಿನ ಲೋಟವೂ ಹಳದಿಯಾಗಿಯೇ ಕಾಣುತ್ತಿತ್ತು. ಕುಡಿಯದೆ ಮೋರಿಗೆ ಚೆಲ್ಲುತ್ತಿದ್ದೆ.

ಜುಲೈ ಕೊನೆಯ ವಾರ ಬಂತು. ಶನಿವಾರದೊಳಗೆ ಉತ್ತರ ಹೇಳು ಎಂದು ಗೆಳತಿ ಎರಡನೆಯ ಸಲ ಫೋನ್ ಮಾಡಿದಳು. ಶುಕ್ರವಾರ ಬೆಳಿಗ್ಗೆ ಕೊನೆಯ ವಚನ ಕೇಳುವುದೆಂದು ಅತ್ತೆ ಗೊತ್ತು ಮಾಡಿದರು. ನಾನೂ ಒಂದು ಗೊತ್ತು ಮಾಡಿಕೊಂಡೆ. ಅವರು ಹೋಗು ಎನ್ನುವುದನ್ನು ತೆಗೆದಿದ್ದರೆ ನಾನು ಕಾದಿರು ಎನ್ನುವುದನ್ನು ತೆಗೆಯುತ್ತೇನೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಗುರುವಾರ ಮಧ್ಯಾಹ್ನ ಅತ್ತೆಗೆ ಕಾಚಿಗುಡದಲ್ಲಿ ಹೆಂಗಸರ ಪ್ರಾರ್ಥನಾ ಕೂಟ. ಅದು ತೆಲುಗಿನದು. ಅಲ್ಲಿಗೆ ಅವರು ಚಿಕ್ಕ ತೆಲುಗು ಪುಸ್ತಕ ಒಯ್ಯುತ್ತಿದ್ದರು, ಕನ್ನಡದ ದೊಡ್ಡದು ಮನೆಯಲ್ಲೇ, ಚೈನು ಹಾಕಿದ ಕಪ್ಪು ಕವರಿನಲ್ಲಿ, ಅವರ ತಲೆದಿಂಬಿನ ಪಕ್ಕ ಇರುತ್ತಿತ್ತು. ಛತ್ರಿ ಹಿಡಿದು ಅವರು ಗಲ್ಲಿ ದಾಟಿದ್ದನ್ನು ನೋಡಿ ನಾನು ಬಾಗಿಲು ಹಾಕಿಕೊಂಡೆ. ಡಬ್ಬಿಯನ್ನು ಮಂಚದ ಮೇಲೆ ಬೋರಲು ಹಾಕಿ, ಚಿಕ್ಕಂದಿನ ಹಾಗೆ ಜಾತಿವಾರು ಜೋಡಿಸುತ್ತ ಹೋದೆ.

ಕಾದಿರು ಎನ್ನುವವು ಹನ್ನೊಂದು ಸಿಕ್ಕವು. ಎತ್ತಿ ಉಡಿಯಲ್ಲಿ ಹಾಕಿಕೊಂಡೆ. ಮುಂದೆ ಹೋಗು ಎನ್ನುವವು. ಒಂದೂ ಇರಲಾರದು ಎಂದುಕೊಂಡಿದ್ದೆ. ಒಂದು ಬಂತು, ಇನ್ನೊಂದು ಬಂತು. ನಿನ್ನ ದೇಶ ಬಿಟ್ಟು ನಾನು ತೋರಿಸುವ ಕಡೆ ಹೊರಡು ಎಂಬುದು ಬಂತು. ನೀನು ಹೋದಲ್ಲೆಲ್ಲ ಜೊತೆಗಿರುತ್ತೇನೆ ಎಂಬುದು ಬಂತು. ಎಲ್ಲವೂ ಇದ್ದವು. ನನಗೆ ನೆನಪಿದ್ದ ಒಂದೂ ತಪ್ಪಿರಲಿಲ್ಲ. ಇಡೀ ತಿಂಗಳು ಕಟ್ಟಿದ ನನ್ನ ಕೇಸು ಮಂಚದ ಮೇಲೆ ಬಿದ್ದುಹೋಯಿತು.

ಹಾಗಾದರೆ ಕಡಿಮೆಯಾದವು ಯಾವುವು? ಮತ್ತೊಮ್ಮೆ ನೋಡಿದೆ. ಹೆದರಬೇಡ ಇದ್ದವು. ರೋಗ ವಾಸಿಯಾಗುವ ಮಾತುಗಳಿದ್ದವು. ಅನ್ನ, ನೀರು, ಬೆಳಕು, ಕ್ಷಮೆ, ಎಲ್ಲ ಇದ್ದವು. ಮಂಚದ ಮೇಲೆ ಒಂದು ಗುಂಪೇ ಇರಲಿಲ್ಲ. ಮಕ್ಕಳ ಚೀಟಿಗಳು ಒಂದೂ ಇರಲಿಲ್ಲ.

ಆರು ತಿಂಗಳು ನಾನು ಇಲ್ಲದ ಚೀಟಿಗೆ ಹೆದರಿದ್ದೆ. ಇಲ್ಲದ ಚೀಟಿ ಬರಲಿಲ್ಲವೆಂದು ಅತ್ತಿದ್ದೆ. ಸಿಟ್ಟು ನೆತ್ತಿಗೇರಿತು. ಈಗ ಸಂಶಯ ಇನ್ನೂ ದೊಡ್ಡದಾಯಿತು. ಇವಳಿಗೆ ಇನ್ನು ಮಕ್ಕಳಾಗುವುದಿಲ್ಲ ಎಂದು ಅವರೇ ತೀರ್ಮಾನಿಸಿ, ಆ ಮಾತುಗಳನ್ನು ಈ ಮನೆಯಿಂದ ಎತ್ತಿಬಿಟ್ಟಿದ್ದಾರೆ. ಬಟ್ಟೆ ಇಡುವ ಕಪಾಟು ತೆಗೆದು ಅವರ ಸೀರೆಗಳ ಕೆಳಗೆ ಹುಡುಕಿದೆ. ಹಾಸಿಗೆ ಎತ್ತಿ ನೋಡಿದೆ. ಕೊನೆಗೆ, ಆ ಮನೆಯಲ್ಲಿ ಅವರ ಹೊರತು ಯಾರೂ ಮುಟ್ಟದ ಸತ್ಯವೇದದ ಚೈನು ಎಳೆದೆ.

ಪುಸ್ತಕ ತಾನಾಗಿ ಒಂದು ಕಡೆ ತೆರೆದುಕೊಂಡಿತು. ಕೂಸಿಲ್ಲದ ಹೆಂಗಸೊಬ್ಬಳು ಗುಡಿಯಲ್ಲಿ ಕೂತು ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತ ಅಳುವ ಕಥೆ ಇರುವ ಪುಟ. ಅಲ್ಲಿ ಕಪ್ಪು ದಾರ ಸುತ್ತಿದ ಚೀಟಿಗಳ ಕಟ್ಟು ಇತ್ತು. ಹದಿನಾಲ್ಕು. ಡಬ್ಬಿಯಲ್ಲಿದ್ದವು ಇನ್ನೂ ಗರಿಗರಿಯಾಗಿದ್ದವು. ಈ ಹದಿನಾಲ್ಕರ ಅಂಚುಗಳು ಮಾತ್ರ ಬೆರಳಾಡಿ ಬೆರಳಾಡಿ ಮೆತ್ತಗಾಗಿ ನೂಲು ಬಿಟ್ಟಿದ್ದವು. ಅವನ್ನು ದಿನಾ ಯಾರೋ ಬಿಚ್ಚಿ ಓದಿ ಕಟ್ಟುತ್ತಿದ್ದರು.

ನಾನು ಅವನ್ನು ಹಿಡಿದು ಹಾಗೇ ಕೂತಿದ್ದೆ. ರಸ್ತೆಯಲ್ಲಿ ನೀರು ನಿಂತು ಕೂಟ ಬೇಗ ಮುಗಿದಿತ್ತು. ಅತ್ತೆ ತಮ್ಮ ಬೀಗದಕೈಯಿಂದ ಬಾಗಿಲು ತೆರೆದು ಬಂದದ್ದು ನನಗೆ ಕೇಳಿಸಲಿಲ್ಲ. ಬಾಗಿಲಲ್ಲಿ ನಿಂತು ಮಂಚದ ಮೇಲೆ ಹರಡಿದ್ದ ಚೀಟಿಗಳನ್ನು, ತೆರೆದ ಪುಸ್ತಕವನ್ನು, ನನ್ನ ಕೈಯನ್ನು ನೋಡಿದರು. ಛತ್ರಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇವನ್ನ ಯಾಕ ತಗದ್ರಿ ಅತ್ತಿ?" ಎಂದೆ.

ಅವರು ಛತ್ರಿಯನ್ನು ಮೂಲೆಗೆ ನಿಲ್ಲಿಸಿ, ಬಂದು ಮಂಚದ ಕೊನೆಗೆ ಕೂತರು.

"ಅವತ್ತ ಮುಂಜಾನೆ ನೀ ಓದಿದಿ. ಆಮ್ಯಾಲೆ ನಲ್ಲಿ ಬಿಟ್ಕೊಂಡು ನಿಂತಿ. ನಾ ನೋಡಿದೆ. ಮರುದಿನ ಮತ್ತ ಅಂಥಾದ್ದ ಬಂದ್ರ ಈ ಹುಡುಗಿ ಏನಾಗ್ತಾಳ ಅನ್ನಿಸ್ತು. ತಗದಿಟ್ಟೆ."

"ದೇವರ ಮಾತು ಅಂತೀರಿ. ಅದನ್ನ ತಗೀಬಹುದೇನ್ರೀ?"

"ದೇವರ ಮಾತು ಸುಳ್ಳಲ್ಲ ಸುನೀ," ಎಂದರು ಅತ್ತೆ. ಯಾರಾದರೂ ಕೇಳಿಯಾರೆಂಬಂತೆ ದನಿ ತಗ್ಗಿಸಿದರು. "ಆದ್ರ ಯಾವ ಮಾತು ಯಾರ ಮುಂದ ಯಾವಾಗ ಆಡಬೇಕು ಅನ್ನೂದು ಒಂದೊಂದ ಸಲ ಅವಂಗ ತಿಳಿಯೂದಿಲ್ಲ. ಅವಂಗೇನು, ಅವಂಗ ಬಸಿರ ಗೊತ್ತೈತೇನು, ಬಾಣಂತನ ಗೊತ್ತೈತೇನು?"

"ಪಾಪ ಅಲ್ಲೇನ್ರೀ ಇದು?"

"ಪಾಪನ. ಆರು ತಿಂಗಳಾತು, ದಿನಾ ಕ್ಷಮಾ ಕೇಳಾಕತ್ತೀನಿ. ಚೀಟಿ ಮಾತ್ರ ತಿರುಗಿ ಇಡೂದಿಲ್ಲ ಅಂತನೂ ಹೇಳಾಕತ್ತೀನಿ. ಅವನ್ನ ನಾನ ಓದ್ತೀನಿ, ನಿನ್ನ ಹೆಸರ ಹೇಳಿ. ಸುನೀಗೆ ಕೇಳಿಸಬ್ಯಾಡ, ನನ್ನ ಮುಂದ ಹೇಳು, ನಾ ಕೇಳಿಸ್ಕೋತೀನಿ ಅಂತ."

ನನಗೆ ಅಳು ಬಂತು. ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಏಳುವ ಹಾಗಿರಲಿಲ್ಲ, ಉಡಿಯಲ್ಲಿ ಹನ್ನೊಂದು ಚೀಟಿ ಇದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನನ್ನ ಕೈ ತಾನಾಗಿ ಸೆರಗು ಮುಚ್ಚಲು ಹೋಯಿತು. ಅತ್ತೆಯ ಕಣ್ಣು ಅಲ್ಲಿಗೇ ಬಿತ್ತು.

"ಉಡ್ಯಾಗ ಏನೈತಿ?"

ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಒಂದು ಓದಿದರು, ಎರಡು ಓದಿದರು, ಮೂರನೆಯದಕ್ಕೆ ಅರ್ಥವಾಯಿತು. ಮುಖ ಬಿಗಿಯಿತು.

"ನಾ ತಗದದ್ದು ನಿನ್ನ ಸಲುವಾಗಿ. ನೀ ತಗದದ್ದು?"

"ನನ್ನ ಸಲುವಾಗೇ ರಿ," ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ನೀವು ಹೋಗೂ ಚೀಟಿ ತಗದೀರಿ ಅಂತ ತಿಳಿದಿದ್ದೆ. ನನ್ನ ಮನ್ಯಾಗ ಕೂಡಿಹಾಕಾಕತ್ತೀರಿ ಅಂತ."

ಅತ್ತೆ ಹನ್ನೊಂದು ಚೀಟಿಗಳನ್ನೂ ಅಂಚು ಕೂಡಿಸಿ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, "ಹೋಗು ಅಂದ್ರ, ಕೂಸು ಕೊಡಲಿಲ್ಲ ಅಂತ ದುಡಿಯಾಕ ಹಚ್ಚಿದಳು ಅಂತಿ. ಹೋಗಬ್ಯಾಡ ಅಂದ್ರ ಕೂಡಿಹಾಕಿದಳು ಅಂತಿ. ನಿನ್ನ ಕಣ್ಣು ನೋಡಿದ್ರ ನನಗ ಅಂಜಿಕಿ ಆಗ್ತೈತಿ ಸುನೀ. ಅದಕ್ಕ ನಾ ಡಬ್ಬಿ ಮುಂದ ಮಾಡಿದೆ," ಎಂದರು.

ನನ್ನನ್ನು ಕಂಡು ಹೆದರುವವರೂ ಆ ಮನೆಯಲ್ಲಿ ಒಬ್ಬರಿದ್ದಾರೆ ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಸಂಶಯ ನನ್ನೊಳಗೆ ಮಾತ್ರ ಇದೆ, ಮುಖದ ಮೇಲೆ ಕಾಣುವುದಿಲ್ಲ ಎಂದುಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅವರು ಅದನ್ನು ದಿನಾ ಓದುತ್ತಿದ್ದರು. ನನಗೆ ನಾಚಿಕೆಯಾಯಿತು.

ನಾನೇ ಹದಿನಾಲ್ಕು ಚೀಟಿಗಳ ದಾರ ಬಿಚ್ಚಿದೆ. "ತಿರುಗಿ ಇಡೂಣ್ರಿ ಅತ್ತಿ. ಬಂದ್ರ ಬರಲಿ. ಓದ್ತೀನಿ," ಎಂದೆ. ಅವರು ಬೇಡ ಎನ್ನಲಿಲ್ಲ. ಹನ್ನೊಂದನ್ನೂ ಇಟ್ಟೆವು. ಇಬ್ಬರೂ ಕೂಡಿ ಡಬ್ಬಿ ತುಂಬಿದೆವು. ಹದಿನಾಲ್ಕನ್ನೂ ಒಟ್ಟಿಗೆ ನಟ್ಟನಡುವೆ ತುರುಕಿದೆವು, ಕಲಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಮುಂದೆ ಕೂಸು ಆಯಿತೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಆಗಲಿಲ್ಲ. ಅತ್ತೆ ಓದಿದ್ದಕ್ಕೂ ಆಗಲಿಲ್ಲ, ಡಾಕ್ಟರು ಕೊಟ್ಟದ್ದಕ್ಕೂ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೂವರೂ ಚಾಪೆಯ ಮೇಲೆ ಕೂತೆವು. ಹಿಂದಿನ ದಿನದ ಸಂಗತಿ ಜಯಕುಮಾರನಿಗೆ ಗೊತ್ತಿರಲಿಲ್ಲ. ಪ್ರಾರ್ಥನೆ ಮುಗಿಸಿ ಅವರೇ ಡಬ್ಬಿ ಹಿಡಿದರು. ನಾನು ಕಣ್ಣು ಮುಚ್ಚಿ ಕೈ ಹಾಕಿದೆ. ಬೆರಳಿಗೆ ಮೆತ್ತಗಿನ ಅಂಚು ತಾಗಿದಾಗಲೇ ಗೊತ್ತಾಯಿತು. ಬಿಟ್ಟು ಪಕ್ಕದ್ದು ತೆಗೆಯಬಹುದಿತ್ತು. ತೆಗೆಯಲಿಲ್ಲ. ಬಂಜೆ ಎನಿಸಿಕೊಂಡವಳ ಮನೆ ಮಕ್ಕಳಿಂದ ತುಂಬಿಸುತ್ತೇನೆ ಎಂಬ ಅರ್ಥದ ಚೀಟಿ. ಮೊದಲಿನಿಂದ ಕೊನೆಯತನಕ ಓದಿದೆ. ಈ ಸಲ ದನಿ ನಡುಗಿತು, ನಡುಗಲಿ ಎಂದು ಬಿಟ್ಟೆ.

ಜಯಕುಮಾರನ ಮುಖ ಅರಳಿತು. "ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕವ್ವಾ? ಮನ್ಯಾಗ ಇರು ಅಂತ ಹೇಳಾಕತ್ತೈತಿ."

"ಎಲ್ಲೈತಿ, ಮನ್ಯಾಗ ಇರು ಅಂತ? ಓದು," ಎಂದರು ಅತ್ತೆ.

ಜಯಕುಮಾರ ಚೀಟಿ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅರ್ಥ ಹಂಗ ಆಗ್ತೈತಲ್ಲ."

"ಅರ್ಥ ಹಚ್ಚೂದು ನಾವು. ನಾನೂ ಭಾಳ ವರ್ಷ ಹಚ್ಚೀನಿ." ಅತ್ತೆ ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು. "ಸುನೀ, ನೀ ಏನಂತಿ?"

ನಾಲ್ಕು ವರ್ಷದಲ್ಲಿ ಆ ಚಾಪೆಯ ಮೇಲೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಒಂದು ಕ್ಷಣ, ಇದರಲ್ಲೂ ಏನೋ ಇದೆಯೇ ಎಂದು ಅವರ ಮುಖ ಹುಡುಕಿದೆ, ಹುಟ್ಟುಗುಣ ಎಲ್ಲಿ ಹೋದೀತು? ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನನಗ ಕೂಸು ಬೇಕ್ರಿ," ಎಂದೆ. "ಇವತ್ತೂ ಬೇಕು. ಆದ್ರ ಅದು ಬರೂ ತನಕ ಬಾಗಿಲ ನೋಡ್ಕೋತ ಕುಂದರಾಕ ನನ್ನ ಕಡಿಂದ ಆಗೂದಿಲ್ಲ. ಸೋಮವಾರದಿಂದ ನಾ ಶಂಶಾಬಾದಿಗೆ ಹೋಗ್ತೀನಿ."

ಅತ್ತೆ ತಲೆ ಬಾಗಿಸಿ ಕಣ್ಣು ಮುಚ್ಚಿದರು.

"ಆಮೆನ್," ಎಂದರು.

ಜಯಕುಮಾರ ಗಾಬರಿಯಾಗಿ ಒಮ್ಮೆ ನನ್ನನ್ನು, ಒಮ್ಮೆ ತಾಯಿಯನ್ನು ನೋಡಿದರು. "ಅವ್ವಾ, ಅಕಿ ಹೇಳಿದ್ದು ವಚನ ಅಲ್ಲ."

"ಆಮೆನ್ ಅನ್ನು ಜಯಾ. ಅಕಿ ಫೋನ್ ಮಾಡಬೇಕಾಗೈತಿ," ಎಂದರು ಅತ್ತೆ, ಕಣ್ಣು ತೆರೆಯದೆ. ಜಯಕುಮಾರ ಆಮೆನ್ ಅಂದರು.